ಎರಡು ಬ್ಯಾಟರಿ ಮತ್ತು ಬರೆಯದೆ ಬಿಟ್ಟ ಒಂದು ಮಾತು

1991ರ ಆಗಸ್ಟ್ 20ರ ಬೆಳಗಿನ ಜಾವ. ಬೆಂಗಳೂರಿನ ಅಂಚಿನಲ್ಲಿದ್ದ ಕೋಣನಕುಂಟೆಯ ಒಂದು ಮನೆಗೆ ಕಮಾಂಡೊಗಳು ನುಗ್ಗಿದಾಗ ಒಳಗೆ ಮಾತನಾಡುವವರು ಯಾರೂ ಉಳಿದಿರಲಿಲ್ಲ. ಏಳು ಶವಗಳಿದ್ದವು. ಒಕ್ಕಣ್ಣಿನ ಶಿವರಾಸನ್ ತಲೆಗೆ ತಾನೇ ಗುಂಡು ಹೊಡೆದುಕೊಂಡಿದ್ದ. ಉಳಿದವರು ಸಯನೈಡ್ ನುಂಗಿದ್ದರು. ಅವರಲ್ಲಿ ಶುಭಾ ಎಂಬ ಯುವತಿಯೂ ಇದ್ದಳು. ಮೂರು ತಿಂಗಳ ಹಿಂದೆ, ಮೇ 21ರ ರಾತ್ರಿ, ತಮಿಳುನಾಡಿನ ಶ್ರೀಪೆರಂಬುದೂರಿನ ಚುನಾವಣಾ ಸಭೆಯಲ್ಲಿ ಮಾಜಿ ಪ್ರಧಾನಿ ರಾಜೀವ್ ಗಾಂಧಿ ಅವರನ್ನು ಕೊಂದ ತಂಡದ ನಾಯಕ ಈ ಶಿವರಾಸನ್. ಸೊಂಟಕ್ಕೆ ಬಾಂಬ್ ಕಟ್ಟಿಕೊಂಡು ಹೋಗಿ ಹಾರ ಹಾಕುವ ನೆಪದಲ್ಲಿ ಬಾಗಿದ ಧನು ಆ ರಾತ್ರಿಯೇ ಛಿದ್ರವಾಗಿದ್ದಳು. ರಾಜೀವ್ ಅವರ ಜೊತೆಗೆ ಪೊಲೀಸರೂ ಕಾರ್ಯಕರ್ತರೂ ಸೇರಿ ಇನ್ನೂ ಅನೇಕರು ಪ್ರಾಣ ಬಿಟ್ಟರು. ಅವರ ಹೆಸರುಗಳನ್ನು ಇಂದು ಯಾರೂ ನೆನೆಯುವುದಿಲ್ಲ.

ಕೋಣನಕುಂಟೆಯ ಮನೆಯನ್ನು ಪೊಲೀಸರು ಸುತ್ತುವರಿದು ಒಂದು ದಿನಕ್ಕೂ ಹೆಚ್ಚು ಕಾದಿದ್ದರು. ಹಂತಕರನ್ನು ಜೀವಂತ ಹಿಡಿಯಬೇಕು, ಅದಕ್ಕೆ ಸಯನೈಡ್‌ಗೆ ಪ್ರತಿವಿಷ ಬೇಕು, ದಿಲ್ಲಿಯಿಂದ ಕಮಾಂಡೊಗಳು ಬರಬೇಕು ಎಂಬುದು ಕಾಯುವಿಕೆಗೆ ಕೊಟ್ಟ ಕಾರಣ. ಆ ವಿಳಂಬ ಸರಿಯೇ ತಪ್ಪೇ ಎಂಬ ಚರ್ಚೆ ಆಮೇಲೆ ವರ್ಷಗಟ್ಟಲೆ ನಡೆಯಿತು. ವಿಶೇಷ ತನಿಖಾ ದಳದ ಮುಖ್ಯಸ್ಥರಾಗಿದ್ದ ಡಿ.ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ. ನಮ್ಮ ರಾಜ್ಯದ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತೆಂದು ಬಹಳ ಜನ ಭಾವಿಸಿದರು. ನಿಜವಾಗಿ ನೋಡಿದರೆ, ಈ ಮೊಕದ್ದಮೆಯ ಅತಿ ಕಷ್ಟದ ಪ್ರಶ್ನೆಗೆ ಉತ್ತರ ಹೇಳಬಹುದಾಗಿದ್ದವರು ಆ ಮನೆಯಲ್ಲಿ ಸತ್ತರು.

ಪ್ರಶ್ನೆ ಇಷ್ಟೇ: ಅವನಿಗೆ ಗೊತ್ತಿತ್ತೆ?

‘ಅವನು’ ಎಂದರೆ ಎ.ಜಿ. ಪೇರರಿವಾಳನ್. ತಮಿಳುನಾಡಿನ ಜೋಲಾರಪೇಟೆಯವನು. ಬೆಂಗಳೂರಿನಿಂದ ಮದ್ರಾಸಿನ ಕಡೆ ರೈಲಿನಲ್ಲಿ ಹೋದವರಿಗೆ ಈ ಜಂಕ್ಷನ್ ಗೊತ್ತು. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿದ್ದ. ಪೆರಿಯಾರ್ ಅವರ ದ್ರಾವಿಡ ಚಳವಳಿಯ ಮನೆತನ. ಶ್ರೀಲಂಕಾದ ತಮಿಳರ ಹೋರಾಟದ ಬಗ್ಗೆ ಆ ಕಾಲದ ಅನೇಕ ತಮಿಳು ಯುವಕರಿಗಿದ್ದ ಒಲವು ಅವನಿಗೂ ಇತ್ತು. 1991ರ ಜೂನ್ 11ರಂದು ಬಂಧನವಾದಾಗ ವಯಸ್ಸು 19. ಬಿಡುಗಡೆಯಾದದ್ದು 2022ರ ಮೇ 18ರಂದು, ಐವತ್ತರ ಗಡಿ ದಾಟಿದ ಮೇಲೆ. ನಡುವಿನ ಮೂವತ್ತೊಂದು ವರ್ಷಗಳಲ್ಲಿ ಹದಿನಾರು ವರ್ಷ ಅವನ ತಲೆಯ ಮೇಲೆ ಗಲ್ಲುಶಿಕ್ಷೆ ತೂಗುತ್ತಿತ್ತು.

ಅವನು ಶ್ರೀಪೆರಂಬುದೂರಿನ ಸಭೆಗೆ ಹೋಗಿರಲಿಲ್ಲ. ಸ್ಫೋಟದಲ್ಲಿ ಸತ್ತ ಛಾಯಾಗ್ರಾಹಕ ಹರಿಬಾಬುವಿನ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರಗಳೇ ಇಡೀ ತನಿಖೆಗೆ ದಾರಿ ತೋರಿಸಿದವು. ಧನು, ಕುರ್ತಾ ತೊಟ್ಟ ಶಿವರಾಸನ್ ಮೊದಲಾದವರು ಅವುಗಳಲ್ಲಿದ್ದರು. ಪೇರರಿವಾಳನ್ ಇರಲಿಲ್ಲ. ಹಾಗಾದರೆ ಅವನ ಮೇಲಿದ್ದ ಮುಖ್ಯ ಆರೋಪವೇನು? ‘ಗೋಲ್ಡನ್ ಪವರ್’ ಹೆಸರಿನ ಒಂಬತ್ತು ವೋಲ್ಟಿನ ಎರಡು ಬ್ಯಾಟರಿ ಕೊಂಡು ಶಿವರಾಸನ್‌ಗೆ ಕೊಟ್ಟದ್ದು. ಸೊಂಟದ ಬಾಂಬ್ ಸಿಡಿಯಲು ಬೇಕಾದ ವಿದ್ಯುತ್ತು ಅಂಥ ಬ್ಯಾಟರಿಯಿಂದ ಬಂದಿತ್ತು.

ಒಂಬತ್ತು ವೋಲ್ಟಿನ ಬ್ಯಾಟರಿ ಎಂದರೆ ಅಪರೂಪದ ವಸ್ತುವಲ್ಲ. ಸಣ್ಣ ರೇಡಿಯೊ, ಮಕ್ಕಳ ಆಟಿಕೆ, ಮೈಕು ಇವುಗಳಿಗೆ ಹಾಕುವ, ತಲೆಯ ಮೇಲೆ ಎರಡು ಗುಂಡಿಗಳಿರುವ ಚೌಕಾಕಾರದ ಸಣ್ಣ ಡಬ್ಬಿ. ದೇವದುರ್ಗದಲ್ಲೋ ಮಾನ್ವಿಯಲ್ಲೋ ರೇಡಿಯೊ ರಿಪೇರಿ ಅಂಗಡಿಗೆ ಹೋಗಿ ಕೇಳಿದರೆ ಯಾರೂ ಯಾಕೆಂದು ಕೇಳದೆ ಕೊಡುತ್ತಿದ್ದ ಸಾಮಾನು. ಅದನ್ನು ಕೊಳ್ಳುವುದು ಅಪರಾಧವಲ್ಲ. ಏತಕ್ಕೆ ಬಳಕೆಯಾಗುತ್ತದೆಂದು ತಿಳಿದು ಕೊಂಡುಕೊಟ್ಟರೆ ಅದು ಕೊಲೆಯ ಸಂಚಿನಲ್ಲಿ ಪಾಲು. ಆದ್ದರಿಂದ ಪ್ರಕರಣದ ಭಾರವೆಲ್ಲ ಬ್ಯಾಟರಿಯ ಮೇಲಲ್ಲ, ಆ ‘ತಿಳಿದು’ ಎಂಬ ಪದದ ಮೇಲೆ ನಿಂತಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಪೇರರಿವಾಳನ್ ಬಾಂಬ್ ತಯಾರಿಸಿದವನೆಂದು ಆಗಿನಿಂದ ಈಗಿನವರೆಗೂ ಹಲವರು ಬರೆದಿದ್ದಾರೆ. ಎಲೆಕ್ಟ್ರಾನಿಕ್ಸ್ ಓದಿದವನು, ಬ್ಯಾಟರಿ ಕೊಂಡವನು, ಆದ್ದರಿಂದ ಬಾಂಬ್ ಮಾಡಿದವನೂ ಅವನೇ ಇರಬೇಕು ಎಂಬ ಲೆಕ್ಕಾಚಾರ ಅದು. ನ್ಯಾಯಾಲಯ ಹಾಗೆಂದು ಎಲ್ಲೂ ಹೇಳಿಲ್ಲ. ಆ ಬಾಂಬನ್ನು ತಯಾರಿಸಿದವರು ಯಾರೆಂಬುದು ವಿಚಾರಣೆಯಲ್ಲಿ ಸಾಬೀತಾಗಲೇ ಇಲ್ಲ. ಜೈನ್ ಆಯೋಗದ ವರದಿಯ ನಂತರ, ಉಳಿದ ಸಂಚನ್ನು ಹುಡುಕಲೆಂದು 1998ರಲ್ಲಿ ಸಿಬಿಐ ಅಡಿಯಲ್ಲಿ ಬಹುಶಿಸ್ತೀಯ ಉಸ್ತುವಾರಿ ದಳವೊಂದನ್ನು ನೇಮಿಸಲಾಯಿತು. ಇಪ್ಪತ್ತನಾಲ್ಕು ವರ್ಷ ನಡೆದು 2022ರಲ್ಲಿ ಅದನ್ನು ಮುಚ್ಚಲಾಯಿತು.

ಬ್ಯಾಟರಿ ಕೊಂಡದ್ದು ಏತಕ್ಕೆಂದು ಅವನಿಗೆ ಗೊತ್ತಿತ್ತು ಎಂಬುದಕ್ಕೆ ಮುಖ್ಯ ಆಧಾರ ಅವನದೇ ತಪ್ಪೊಪ್ಪಿಗೆ. ಅದನ್ನು 1991ರ ಆಗಸ್ಟ್‌ನಲ್ಲಿ, ಪೊಲೀಸ್ ವಶದಲ್ಲಿ ಎರಡು ತಿಂಗಳು ಕಳೆದ ಹೊತ್ತಿಗೆ, ಸಿಬಿಐ ಎಸ್‌ಪಿ ವಿ. ತ್ಯಾಗರಾಜನ್ ಬರೆದುಕೊಂಡರು. ನಮ್ಮ ಸಾಕ್ಷ್ಯ ಕಾನೂನಿನಲ್ಲಿ 1872ರಿಂದಲೂ ಒಂದು ನಿಯಮವಿದೆ: ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು. ಬ್ರಿಟಿಷರೇ ತಮ್ಮ ಪೊಲೀಸರನ್ನು ಅಷ್ಟು ನಂಬಿರಲಿಲ್ಲ. 2024ರಲ್ಲಿ ಹೊಸ ಸಾಕ್ಷ್ಯ ಕಾನೂನು ಜಾರಿಯಾದಾಗಲೂ ಈ ನಿಯಮ ಉಳಿದುಕೊಂಡಿತು. ಆದರೆ ಟಾಡಾ ಕಾಯ್ದೆಯ 15ನೇ ಕಲಂ ಈ ಗೋಡೆಯನ್ನು ಒಡೆದಿತ್ತು. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಟಾಡಾ ಪ್ರಕರಣದಲ್ಲಿ ಪೂರ್ಣ ಸಾಕ್ಷ್ಯ. ಅದು ಕೊಟ್ಟವನ ವಿರುದ್ಧವಷ್ಟೇ ಅಲ್ಲ, ಜೊತೆಯ ಆರೋಪಿಗಳ ವಿರುದ್ಧವೂ ಬಳಕೆಯಾಯಿತು. ವಿಚಾರಣೆಯ ವೇಳೆ ಆರೋಪಿಗಳು ತಮ್ಮ ಹೇಳಿಕೆಗಳನ್ನು ನಿರಾಕರಿಸಿದರು. ಅದರಿಂದ ಪ್ರಯೋಜನವಾಗಲಿಲ್ಲ.

ಠಾಣೆಯ ಮೆಟ್ಟಿಲು ಹತ್ತಿ ದೂರು ಕೊಟ್ಟವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಹೇಳುವವನು ತನ್ನ ಮಾತಿನಲ್ಲಿ ಹೇಳುತ್ತಾನೆ, ರೈಟರ್ ತನ್ನ ಮಾತಿನಲ್ಲಿ ಬರೆಯುತ್ತಾನೆ. ಕೊನೆಗೆ ಓದಿ ಕೇಳಿಸಿದಾಗ ಅದು ತನ್ನದೇ ಮಾತೋ ಅಲ್ಲವೋ ಎಂದು ಹೇಳಿದವನಿಗೇ ಅನುಮಾನ ಬರುತ್ತದೆ. ಆದರೂ ರುಜು ಹಾಕುತ್ತಾನೆ, ಹೆಬ್ಬೆಟ್ಟು ಒತ್ತುತ್ತಾನೆ. ನಮ್ಮ ಗಬ್ಬೂರಿನ ಗುಡಿಗಳ ಸುತ್ತ ಶಾಸನಗಳಿಗೆ ಬರವಿಲ್ಲ. ದಾನ ಕೊಟ್ಟವರ, ಬರೆಸಿದವರ ಮಾತು ಕಲ್ಲಿನ ಮೇಲೆ ಅಚ್ಚಳಿಯದೆ ಉಳಿದಿದೆ. ಆ ಹೊಲ ಉತ್ತವರು ಆ ದಿನ ಏನೆಂದರೋ ಯಾವ ಕಲ್ಲಿನಲ್ಲೂ ಇಲ್ಲ. ಇತಿಹಾಸಕಾರರಿಗೆ ಇದು ಹೊಸದಲ್ಲ. ಕೊಲೆ ಮೊಕದ್ದಮೆಯ ಕಡತವನ್ನೂ ಅದೇ ಎಚ್ಚರದಿಂದ ಓದಬೇಕಾಗುತ್ತದೆ.

ಮುಂದಿನದನ್ನು ಬೇಗ ಹೇಳಬಹುದು. 1992ರ ಮೇ 20ರಂದು 41 ಜನರ ವಿರುದ್ಧ ಆರೋಪಪಟ್ಟಿ ಸಲ್ಲಿಕೆಯಾಯಿತು. ಅವರಲ್ಲಿ 12 ಮಂದಿ ಅಷ್ಟರೊಳಗೆ ಸತ್ತಿದ್ದರು. ಪ್ರಭಾಕರನ್, ಪೊಟ್ಟು ಅಮ್ಮಾನ್ ಮತ್ತು ಅಕಿಲಾ ಕೈಗೆ ಸಿಗಲಿಲ್ಲ. ಉಳಿದ 26 ಮಂದಿಯ ವಿಚಾರಣೆ ಮದ್ರಾಸಿನ ಬಳಿಯ ಪೂನಮಲ್ಲಿಯ ವಿಶೇಷ ಟಾಡಾ ನ್ಯಾಯಾಲಯದಲ್ಲಿ, ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಪ್ರಾಸಿಕ್ಯೂಷನ್ ಪರ ಸಾಕ್ಷಿಗಳೇ 288. 1998ರ ಜನವರಿ 28ರಂದು ತೀರ್ಪು ಬಂತು. ಇಪ್ಪತ್ತಾರು ಮಂದಿಗೂ ಗಲ್ಲು.

ಈ ಇಪ್ಪತ್ತಾರರ ಪೈಕಿ ಕೊನೆಯ ಆರೋಪಿ ಬೆಂಗಳೂರಿನ ಒಬ್ಬ ವ್ಯಕ್ತಿ. ಶಿವರಾಸನ್ ತಂಡಕ್ಕೆ ಕೋಣನಕುಂಟೆಯಲ್ಲಿ ನೆಲೆ ಒದಗಿಸಿದವನು. ಕೊಲೆ ನಡೆದು ಎರಡು ತಿಂಗಳಾದ ಮೇಲೆ ಬಂದವರಿಗೆ ಮನೆ ಕೊಟ್ಟವನಿಗೂ, ಕೊಲೆಯ ಸ್ಥಳದಲ್ಲಿ ನಿಂತಿದ್ದವರಿಗೂ ಒಂದೇ ಶಿಕ್ಷೆ ಎಂದರೆ ಆ ತೀರ್ಪಿನ ತಕ್ಕಡಿ ಹೇಗಿತ್ತೆಂದು ಓದುಗರೇ ಊಹಿಸಬಹುದು. ಟಾಡಾದಲ್ಲಿ ಹೈಕೋರ್ಟಿನ ಮೆಟ್ಟಿಲೂ ಇರಲಿಲ್ಲ. ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ಮೇ 11ರಂದು ನ್ಯಾಯಮೂರ್ತಿಗಳಾದ ಕೆ.ಟಿ. ಥಾಮಸ್, ಡಿ.ಪಿ. ವಾಧ್ವಾ ಮತ್ತು ಎಸ್.ಎಸ್.ಎಂ. ಖಾದ್ರಿ ಅವರ ಪೀಠ 19 ಮಂದಿಯನ್ನು ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಬೆಂಗಳೂರಿನವನೂ ಅವರಲ್ಲೊಬ್ಬ. ಮೂವರಿಗೆ ಜೀವಾವಧಿ. ನಳಿನಿ, ಮುರುಗನ್, ಸಾಂತನ್ ಮತ್ತು ಪೇರರಿವಾಳನ್‌ಗೆ ಗಲ್ಲು ಖಾಯಂ.

ಆ ತೀರ್ಪಿನಲ್ಲಿ ಒಂದು ವಿಚಿತ್ರವಿದೆ. ಇದು ಟಾಡಾದ ಅರ್ಥದಲ್ಲಿ ಭಯೋತ್ಪಾದಕ ಕೃತ್ಯವೇ ಅಲ್ಲವೆಂದು ನ್ಯಾಯಾಲಯ ಹೇಳಿತು. ಟಾಡಾ ಆರೋಪಗಳು ಬಿದ್ದುಹೋದವು. ಆದರೆ ಟಾಡಾ ಇಲ್ಲದಿದ್ದರೆ ಸಾಕ್ಷ್ಯವಾಗಲು ಸಾಧ್ಯವೇ ಇಲ್ಲದಿದ್ದ ತಪ್ಪೊಪ್ಪಿಗೆಗಳು ಉಳಿದವು. ಅದೇ ವಿಚಾರಣೆಯಲ್ಲಿ ಬೇರೆ ಅಪರಾಧಗಳಿಗೂ ಅವುಗಳನ್ನು ಬಳಸಬಹುದು ಎಂಬುದು ನ್ಯಾಯಾಲಯದ ವಾದ. ಕಾನೂನಿನ ಪ್ರಕಾರ ಅದು ಸರಿಯಿರಬಹುದು. ಸಾಮಾನ್ಯ ಬುದ್ಧಿಗೆ ಅರಗುವುದು ಕಷ್ಟ. ಏಣಿಯನ್ನು ತೆಗೆದರೂ ಹತ್ತಿದವರು ಮೇಲೆಯೇ ಇದ್ದರು.

ಇಷ್ಟಾದ ಮೇಲೆ, 2013ರಲ್ಲಿ, ತ್ಯಾಗರಾಜನ್ ಬಾಯಿ ಬಿಟ್ಟರು. ಆಗ ಅವರು ನಿವೃತ್ತರು. ಮರಣದಂಡನೆಯ ವಿರೋಧಿಗಳು ತಯಾರಿಸಿದ ಸಾಕ್ಷ್ಯಚಿತ್ರವೊಂದರಲ್ಲಿ ಮೊದಲು ಹೇಳಿದರು. 2017ರಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರವನ್ನೇ ಸಲ್ಲಿಸಿದರು. ಅದರ ಸಾರಾಂಶ ಹೀಗೆ: ಬ್ಯಾಟರಿ ಕೊಂಡುಕೊಟ್ಟದ್ದನ್ನು ಪೇರರಿವಾಳನ್ ಒಪ್ಪಿಕೊಂಡ, ಆದರೆ ಅದು ಏತಕ್ಕೆಂದು ತನಗೆ ಗೊತ್ತಿರಲಿಲ್ಲವೆಂದೂ ಹೇಳಿದ, ಮೊದಲ ಮಾತನ್ನು ಬರೆದೆ, ಎರಡನೆಯದನ್ನು ಬರೆಯಲಿಲ್ಲ. ಯಾಕೆ? ಎರಡನೆಯದನ್ನೂ ಬರೆದಿದ್ದರೆ ಆ ಹೇಳಿಕೆ ತಪ್ಪೊಪ್ಪಿಗೆಯೇ ಆಗುತ್ತಿರಲಿಲ್ಲ, ಬರೆದುಕೊಳ್ಳುವ ಉದ್ದೇಶವೇ ಹಾಳಾಗುತ್ತಿತ್ತು.

ಒಬ್ಬ ಅಧಿಕಾರಿ ಇದಕ್ಕಿಂತ ಪ್ರಾಮಾಣಿಕವಾಗಿ ಟಾಡಾದ 15ನೇ ಕಲಮನ್ನು ವಿವರಿಸಿದ್ದನ್ನು ನಾನು ಓದಿಲ್ಲ. ಅದೇ ಹೊತ್ತಿಗೆ, ಇಷ್ಟು ತಡವಾಗಿ ಹೇಳಿದ್ದಕ್ಕೆ ಕೋಪವೂ ಬರುತ್ತದೆ. ಈ ಇಪ್ಪತ್ತೆರಡು ವರ್ಷಗಳಲ್ಲಿ ವಿಚಾರಣೆ ಮುಗಿದಿತ್ತು, ಮೇಲ್ಮನವಿ ಮುಗಿದಿತ್ತು. ರಾಷ್ಟ್ರಪತಿಗಳು ಕ್ಷಮಾದಾನ ನಿರಾಕರಿಸಿದ್ದರು. 2011ರ ಸೆಪ್ಟೆಂಬರ್ 9ರಂದು ವೆಲ್ಲೂರು ಜೈಲಿನಲ್ಲಿ ಗಲ್ಲಿಗೇರಿಸುವುದೆಂದು ದಿನವೂ ಗೊತ್ತಾಗಿತ್ತು. ಆಗಸ್ಟ್ 30ರಂದು ಮದ್ರಾಸ್ ಹೈಕೋರ್ಟ್ ತಡೆಯಾಜ್ಞೆ ಕೊಡದಿದ್ದರೆ ತ್ಯಾಗರಾಜನ್ ಅವರ ಈ ಮಾತು ಸತ್ತವನ ಬಗ್ಗೆ ಹೇಳಿದ ಮಾತಾಗುತ್ತಿತ್ತು.

ಅವರು ಇನ್ನೊಂದು ಸಂಗತಿಯತ್ತಲೂ ಬೊಟ್ಟು ಮಾಡಿದರು. 1991ರ ಮೇ 7ರಂದು ಶಿವರಾಸನ್ ಜಾಫ್ನಾದಲ್ಲಿದ್ದ ಎಲ್‌ಟಿಟಿಇ ಬೇಹುಗಾರಿಕೆಯ ಮುಖ್ಯಸ್ಥ ಪೊಟ್ಟು ಅಮ್ಮಾನ್‌ಗೆ ನಿಸ್ತಂತು ಸಂದೇಶ ಕಳಿಸಿದ್ದ. ತಮ್ಮ ಉದ್ದೇಶ ತಾವು ಮೂವರನ್ನು ಬಿಟ್ಟು ಬೇರೆ ಯಾರಿಗೂ ತಿಳಿದಿಲ್ಲ ಎಂಬುದು ಅದರ ಒಂದು ಅಂಶ. ಮೂವರೆಂದರೆ ಶಿವರಾಸನ್, ಶುಭಾ, ಧನು. ಈ ಸಂದೇಶ ತನಿಖಾ ದಳದ ಕೈಸೇರಿತ್ತು, ನ್ಯಾಯಾಲಯದ ದಾಖಲೆಯಲ್ಲೂ ಇತ್ತು. ಬ್ಯಾಟರಿ ಖರೀದಿ ನಡೆದದ್ದು ಅದೇ ಮೇ ತಿಂಗಳ ಆರಂಭದಲ್ಲಿ. ತಂಡದ ನಾಯಕನೇ ಬೇರೆ ಯಾರಿಗೂ ಗೊತ್ತಿಲ್ಲವೆಂದು ತನ್ನ ಮೇಲಿನವನಿಗೆ ತಿಳಿಸಿದ್ದಾನೆ ಎಂದರೆ, ಬ್ಯಾಟರಿ ತಂದುಕೊಟ್ಟ ಹುಡುಗನಿಗೆ ಗೊತ್ತಿತ್ತು ಎನ್ನುವುದು ಹೇಗೆ? ಮೂವರಲ್ಲಿ ಒಬ್ಬಳು ಶ್ರೀಪೆರಂಬುದೂರಿನಲ್ಲಿ, ಇಬ್ಬರು ಕೋಣನಕುಂಟೆಯಲ್ಲಿ ಸತ್ತರು. ಕೇಳಲು ಯಾರೂ ಇಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ಪೇರರಿವಾಳನ್ ಬರೀ ಅಂಗಡಿಗೆ ಹೋಗಿಬಂದ ಹುಡುಗನಾಗಿರಲಿಲ್ಲ. 1990ರಲ್ಲಿ ಜಾಫ್ನಾಕ್ಕೆ ಹೋಗಿಬಂದಿದ್ದ. ಶಿವರಾಸನ್‌ಗಾಗಿ ಸುಳ್ಳು ವಿಳಾಸ ಕೊಟ್ಟು ಮೋಟರ್ ಸೈಕಲ್ ಕೊಳ್ಳುವುದರಲ್ಲಿ ಅವನ ಕೈಯಿತ್ತೆಂದು ನ್ಯಾಯಾಲಯ ಕಂಡುಕೊಂಡಿತು. ಮೇ 7ರಂದು ಮದ್ರಾಸಿನಲ್ಲಿ ವಿ.ಪಿ. ಸಿಂಗ್ ಅವರ ಸಭೆಯಲ್ಲಿ ತಂಡದವರು ಗಣ್ಯರಿಗೆ ಹಾರ ಹಾಕುವ ತಾಲೀಮು ನಡೆಸಿದರು ಎನ್ನಲಾದಾಗ ಅವನೂ ಅಲ್ಲಿದ್ದ. ಗುಪ್ತ ಸಂಘಟನೆಯ ಜನರ ಜೊತೆ ಸುಳ್ಳು ಹೆಸರುಗಳ ನಡುವೆ ಓಡಾಡುತ್ತಿದ್ದವನಿಗೆ ಏನೋ ನಡೆಯಲಿದೆ ಎಂಬ ವಾಸನೆಯೂ ಬಡಿದಿರಲಿಲ್ಲ ಎನ್ನುವುದು ಸುಲಭವಾಗಿ ನಂಬುವ ಮಾತಲ್ಲ. ಮೇ 7ರ ಸಂದೇಶ ಆ ದಿನದವರೆಗಿನ ಮಾತು, ಮುಂದಿನ ಎರಡು ವಾರಗಳಲ್ಲಿ ಅವನಿಗೆ ತಿಳಿದಿರಬಹುದು ಎಂದೂ ವಾದಿಸಬಹುದು. ತ್ಯಾಗರಾಜನ್ ಎರಡು ದಶಕ ಸುಮ್ಮನಿದ್ದದ್ದೇಕೆ ಎಂಬುದು ಅವರ ಮಾತಿನ ತೂಕವನ್ನು ಸ್ವಲ್ಪ ಇಳಿಸುತ್ತದೆ ಎನ್ನುವವರೂ ಇದ್ದಾರೆ.

ಈ ವಾದಗಳನ್ನೆಲ್ಲ ಒಪ್ಪಿದರೂ ಒಂದು ತೊಡಕು ಉಳಿಯುತ್ತದೆ. ಏನೋ ನಡೆಯಲಿದೆ ಎಂದು ಊಹಿಸುವುದು ಬೇರೆ, ರಾಜೀವ್ ಗಾಂಧಿ ಅವರನ್ನು ಕೊಲ್ಲಲಿದ್ದಾರೆಂದು ತಿಳಿದಿರುವುದು ಬೇರೆ. ಗಲ್ಲಿಗೆ ಬೇಕಾದದ್ದು ಎರಡನೆಯದು. ಅದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿತ್ತು ಎನ್ನಲು, ಅರ್ಧ ಬರೆದ ಹೇಳಿಕೆಯನ್ನು ಪೂರ್ಣವೆಂದು ಭಾವಿಸಬೇಕು. ನನಗೆ ಅದು ಸಾಧ್ಯವಾಗುತ್ತಿಲ್ಲ.

‘ಗೊತ್ತಿತ್ತೆ’ ಎಂಬ ಈ ಪ್ರಶ್ನೆ ನಮ್ಮ ದೇಶದ ದೊಡ್ಡ ರಾಜಕೀಯ ಕೊಲೆಗಳ ಮೊಕದ್ದಮೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗಾಂಧೀಜಿಯವರ ಹತ್ಯೆಯ ಮೊಕದ್ದಮೆಯಲ್ಲಿ ಶಂಕರ ಕಿಷ್ಟಯ್ಯ ಎಂಬ ಆರೋಪಿ ಇದ್ದ. ಶಸ್ತ್ರ ಮಾರುತ್ತಿದ್ದ, ಆಮೇಲೆ ಮಾಫಿಸಾಕ್ಷಿಯಾದ ದಿಗಂಬರ ಬಡ್ಗೆಯ ಮನೆಯಾಳು. ಯಜಮಾನ ಹೊರು ಎಂದದ್ದನ್ನು ಹೊರುವುದು ಅವನ ಕೆಲಸ. ಹೊತ್ತದ್ದರಲ್ಲಿ ಸ್ಫೋಟಕಗಳೂ ಇದ್ದವು. 1949ರ ಫೆಬ್ರವರಿ 10ರಂದು ವಿಶೇಷ ನ್ಯಾಯಾಧೀಶ ಆತ್ಮಾಚರಣ್ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟರು. ಶಿಕ್ಷೆ ಇಳಿಸಬೇಕೆಂಬ ಶಿಫಾರಸನ್ನೂ ತಾವೇ ಮಾಡಿದರು. ಮೇಲ್ಮನವಿ ಶಿಮ್ಲಾದಲ್ಲಿ ಪಂಜಾಬ್ ಹೈಕೋರ್ಟಿನ ಮುಂದೆ ಬಂತು. ಅದೇ ವರ್ಷ ಜೂನ್‌ನಲ್ಲಿ ಹೈಕೋರ್ಟ್ ಅವನನ್ನು ಬಿಟ್ಟುಬಿಟ್ಟಿತು. ಆಳು ಯಜಮಾನನ ಮಾತಿನಂತೆ ನಡೆದದ್ದು ಸಂಚಿನಲ್ಲಿ ಪಾಲುಗೊಂಡಂತಲ್ಲ ಎಂಬುದು ಅದಕ್ಕೆ ಆಧಾರ. ರಾಷ್ಟ್ರಪಿತನ ಕೊಲೆಯಾಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ದೇಶದ ಸಂಕಟ ಎಷ್ಟಿದ್ದರೂ ಹೈಕೋರ್ಟ್ ಆ ಆಳಿನ ತಲೆಯೊಳಗೆ ಏನಿತ್ತೆಂದು ಬೇರೆಯಾಗಿಯೇ ನೋಡಿತು.

ಇಂದಿರಾ ಗಾಂಧಿ ಅವರ ಹತ್ಯೆಯ ಮೊಕದ್ದಮೆಯಲ್ಲಿ ಹಾಗಾಗಲಿಲ್ಲ. 1984ರ ಅಕ್ಟೋಬರ್ 31ರಂದು ಗುಂಡು ಹಾರಿಸಿದವರು ಅಂಗರಕ್ಷಕರಾದ ಬಿಯಾಂತ್ ಸಿಂಗ್ ಮತ್ತು ಸತ್ವಂತ್ ಸಿಂಗ್. ಬಿಯಾಂತ್ ಸ್ಥಳದಲ್ಲೇ ಹತನಾದ. ಅವನ ಹಿರಿಯ ಬಂಧು, ದಿಲ್ಲಿಯ ಸರ್ಕಾರಿ ಕಚೇರಿಯೊಂದರ ನೌಕರ ಕೇಹರ್ ಸಿಂಗ್ ಮೇಲೆ ಸಂಚಿನ ಆರೋಪ ಬಂತು. ಇಬ್ಬರೂ ಮಹಡಿಯ ಮೇಲೆ ಗುಟ್ಟಾಗಿ ಮಾತಾಡಿದರೆಂದು ಬಿಯಾಂತ್‌ನ ಹೆಂಡತಿ ಹೇಳಿದ್ದು, ಅಮೃತಸರಕ್ಕೆ ಜೊತೆಯಾಗಿ ಹೋದದ್ದು, ಇಂಥವೇ ಸಾಕ್ಷ್ಯ. ಏನು ಮಾತಾಡಿದರೆಂದು ಕೇಳಿದವರಿಲ್ಲ. 1988ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಬ್ಬ ಆರೋಪಿ ಬಲ್ಬೀರ್ ಸಿಂಗ್‌ನನ್ನು ಬಿಡುಗಡೆ ಮಾಡಿ ಕೇಹರ್ ಸಿಂಗ್‌ನ ಗಲ್ಲನ್ನು ಎತ್ತಿಹಿಡಿಯಿತು. ಆ ಪೀಠದ ಮೂವರಲ್ಲಿ ನಮ್ಮ ರಾಜ್ಯದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರೂ ಇದ್ದರು.

ಅದೇ ವರ್ಷ ಡಿಸೆಂಬರಿನಲ್ಲಿ ಕೇಹರ್ ಸಿಂಗ್ ಕ್ಷಮಾದಾನದ ಪ್ರಶ್ನೆ ಐವರ ಸಂವಿಧಾನ ಪೀಠಕ್ಕೆ ಬಂತು. ಅಲ್ಲಿಯೂ ಇಬ್ಬರು ಕನ್ನಡಿಗರು, ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ. ಆ ಪೀಠ ಹೇಳಿದ ಮಾತು ಮುಖ್ಯವಾದುದು. ಕ್ಷಮಾದಾನ ಕೇಳಿದಾಗ ರಾಷ್ಟ್ರಪತಿಗಳು ಕಡತದ ಸಾಕ್ಷ್ಯವನ್ನು ಹೊಸದಾಗಿ ಪರಿಶೀಲಿಸಿ, ಅಪರಾಧ ಸಾಬೀತಾಗಿದೆಯೇ ಇಲ್ಲವೇ ಎಂಬ ಬಗ್ಗೆ ನ್ಯಾಯಾಲಯಕ್ಕಿಂತ ಬೇರೆ ತೀರ್ಮಾನಕ್ಕೂ ಬರಬಹುದು. ನ್ಯಾಯಾಲಯವೂ ತಪ್ಪಬಹುದೆಂಬುದನ್ನು ನ್ಯಾಯಾಲಯವೇ ಒಪ್ಪಿ ಒಂದು ಹಿಂಬಾಗಿಲು ತೆರೆದಿಟ್ಟಂತೆ. ಕೇಹರ್ ಸಿಂಗ್‌ಗೆ ಆ ಬಾಗಿಲಿನಿಂದ ಉಪಯೋಗವಾಗಲಿಲ್ಲ. 1989ರ ಜನವರಿ 6ರಂದು ಸತ್ವಂತ್ ಜೊತೆಗೆ ಅವನನ್ನೂ ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಅವನ ತಪ್ಪಿನ ಬಗ್ಗೆ ಕಾನೂನು ಬಲ್ಲವರು ಎತ್ತಿದ ಸಂಶಯಗಳಿಗೆ ಇನ್ನು ಯಾವ ನ್ಯಾಯಾಲಯವೂ ಉತ್ತರ ಕೊಡಬೇಕಾಗಿಲ್ಲ.

ಪೇರರಿವಾಳನ್ ಬದುಕಿ ಉಳಿದದ್ದು ಸರ್ಕಾರಗಳ ನಿಧಾನದಿಂದ. ಕ್ಷಮಾದಾನದ ಅರ್ಜಿ ರಾಷ್ಟ್ರಪತಿ ಭವನದಲ್ಲಿ ಹನ್ನೊಂದು ವರ್ಷ ಕೊಳೆಯಿತು. ಇಷ್ಟು ತಡ ಮಾಡಿ ಗಲ್ಲಿಗೇರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 2014ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. (ನಳಿನಿಯದು 2000ದಲ್ಲೇ ಇಳಿದಿತ್ತು.) 2018ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸಚಿವ ಸಂಪುಟ ಏಳೂ ಮಂದಿಯ ಬಿಡುಗಡೆಗೆ ಶಿಫಾರಸು ಮಾಡಿತು. ರಾಜ್ಯಪಾಲರು ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ಕಡತವನ್ನು ರಾಷ್ಟ್ರಪತಿಗಳಿಗೆ ಸಾಗಹಾಕಿದರು. 161ನೇ ವಿಧಿಯಡಿ ರಾಜ್ಯಪಾಲರು ಸಂಪುಟದ ಸಲಹೆಗೆ ಬದ್ಧರು ಎಂದ ಸುಪ್ರೀಂ ಕೋರ್ಟ್, 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ 2022ರ ಮೇ 18ರಂದು ಅವನನ್ನು ಬಿ‌ಡುಗಡೆ ಮಾಡಿತು. ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ಕೊಡಗಿನ ಎ.ಎಸ್. ಬೋಪಣ್ಣ ಆ ಪೀಠದಲ್ಲಿದ್ದರು. ಉಳಿದ ಆರು ಮಂದಿಯನ್ನು ನವೆಂಬರ್ 11ರಂದು ಬಿಟ್ಟ ಪೀಠದಲ್ಲಿ ಗವಾಯಿ ಅವರ ಜೊತೆ ಇದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. 1988ರ ಆ ಸಂವಿಧಾನ ಪೀಠದ ವೆಂಕಟರಾಮಯ್ಯ ಅವರ ಮಗಳು.

ಬಿಡುಗಡೆಯ ದಿನ ಚೆನ್ನೈಯಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವನನ್ನು ಅಪ್ಪಿಕೊಂಡರು. ಮರುದಿನ ಕಾಂಗ್ರೆಸ್ಸಿಗರು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಪ್ರತಿಭಟಿಸಿದರು. ಒಬ್ಬರಿಗೆ ಅವನು ಅನ್ಯಾಯಕ್ಕೊಳಗಾದ ತಮಿಳರ ಮಗ, ಇನ್ನೊಬ್ಬರಿಗೆ ಮಾಜಿ ಪ್ರಧಾನಿಯ ಕೊಲೆಗಡುಕ. ಮೂರು ದಶಕ ಕಚೇರಿಯಿಂದ ಕಚೇರಿಗೆ ಅಲೆದ ತಾಯಿ ಅರ್ಪುತಮ್ಮಾಳ್ ಮಾತ್ರ ಮೊದಲಿನಿಂದ ಒಂದೇ ಮಾತು ಹೇಳುತ್ತ ಬಂದಿದ್ದರು: ನನ್ನ ಮಗ ನಿರಪರಾಧಿ. ಇಬ್ಬರ ಗದ್ದಲದಲ್ಲಿ ಆ ಮಾತನ್ನು ಪರಿಶೀಲಿಸುವ ಅಗತ್ಯ ಯಾರಿಗೂ ಉಳಿಯಲಿಲ್ಲ.

ಹೀಗಾಗುವುದು ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರಿನಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್‌ಸ್ಪೆಕ್ಟರರೂ ಜನರ ಗುಂಪಿನ ಕೈಯಲ್ಲಿ ಸತ್ತರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಊರಿಗೆ ಊರೇ ಸೇರಿದ್ದ ಗಲಾಟೆಯಲ್ಲಿ ಯಾರ ಏಟಿಗೆ ಯಾರು ಸತ್ತರೆಂದು ನಿಖರವಾಗಿ ಹೇಳುವುದು ಹೇಗೆ? ಸ್ವಾತಂತ್ರ್ಯ ಬಂದ ಮೇಲೆ ಆ ಐವರು ಹುತಾತ್ಮರಾದರು, ಪಠ್ಯಪುಸ್ತಕ ಸೇರಿದರು. ಹುತಾತ್ಮನಾದವನ ಬಗ್ಗೆ ‘ಇವನೇ ಹೊಡೆದನೇ?’ ಎಂದು ಕೇಳುವುದು ಅಗೌರವವೆನಿಸುತ್ತದೆ. ಕೊಲೆಗಡುಕನೆಂದು ಗೊತ್ತುಮಾಡಿದವನ ಬಗ್ಗೆ ಅದೇ ಪ್ರಶ್ನೆ ಕೇಳಿದರೆ ದೇಶದ್ರೋಹವೆನಿಸುತ್ತದೆ.

ರಾಜೀವ್ ಅವರಿಗೆ ಇಪ್ಪತ್ಮೂರು ವರ್ಷ ಮೊದಲು, 1968ರಲ್ಲಿ, ಅಮೆರಿಕದಲ್ಲಿ ರಾಬರ್ಟ್ ಕೆನೆಡಿ ಅವರ ಹತ್ಯೆಯಾಯಿತು. ಸಿರ್ಹಾನ್ ಸಿರ್ಹಾನ್ ಪಿಸ್ತೂಲಿನ ಸಮೇತ ಸ್ಥಳದಲ್ಲೇ ಸಿಕ್ಕಿಬಿದ್ದ. ಆದರೂ ಸಾವಿಗೆ ಕಾರಣವಾದ ಗುಂಡು ತೀರ ಹತ್ತಿರದಿಂದ, ಹಿಂಬದಿಯಿಂದ ಬಂದಿತ್ತೆಂದು ಶವಪರೀಕ್ಷೆ ಹೇಳಿತು. ಅವನು ನಿಂತಿದ್ದದ್ದು ಮುಂದೆ ಎಂದು ಸಾಕ್ಷಿಗಳು ಹೇಳಿದರು. ಕೆನೆಡಿ ಅವರ ಮಕ್ಕಳಲ್ಲೇ ಈ ಬಗ್ಗೆ ಎರಡು ಪಂಗಡಗಳಿವೆ. ಅಲ್ಲಿ ಸಂಶಯ ಗುಂಡಿನ ದಾರಿಯ ಬಗ್ಗೆ. ಅಳೆಯಲು ಗೋಡೆಗಳೂ ಗಾಯಗಳೂ ಇದ್ದವು. ಇಲ್ಲಿ ಸಂಶಯ ಹತ್ತೊಂಬತ್ತು ವರ್ಷದ ಹುಡುಗನ ತಿಳಿವಿನ ಬಗ್ಗೆ. ಅಳೆಯಲು ಇದ್ದದ್ದು ಪೊಲೀಸ್ ಅಧಿಕಾರಿಯೊಬ್ಬರ ಕೈಬರಹ ಮಾತ್ರ.

ಬಿಡುಗಡೆಯ ಆದೇಶವನ್ನು ನಿರ್ದೋಷಿಯೆಂಬ ತೀರ್ಪು ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ರಾಜ್ಯಪಾಲರ ವಿಳಂಬ, ಜೈಲಿನ ಸನ್ನಡತೆ, ಅಲ್ಲಿ ಮಾಡಿದ ಓದು, ಕೆಟ್ಟ ಆರೋಗ್ಯ, ಮೂವತ್ತೊಂದು ವರ್ಷದ ಸೆರೆವಾಸ, ಇವು ಅದರ ಆಧಾರ. ಬ್ಯಾಟರಿಯ ಬಗ್ಗೆ ಅದು ಏನನ್ನೂ ತೀರ್ಮಾನಿಸಲಿಲ್ಲ. ತ್ಯಾಗರಾಜನ್ ಅವರ ಪ್ರಮಾಣಪತ್ರವನ್ನು ಮುಂದಿಟ್ಟು, 1999ರ ತೀರ್ಪನ್ನು ಹಿಂತೆಗೆದುಕೊಳ್ಳಬೇಕೆಂದು ಪೇರರಿವಾಳನ್ ಬೇರೆಯೇ ಅರ್ಜಿ ಹಾಕಿದ್ದ. ಸಿಬಿಐ ಅದನ್ನು ವಿರೋಧಿಸಿತು. 2018ರ ಮಾರ್ಚ್ 14ರಂದು ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ಬರೆದುಕೊಂಡ ಅಧಿಕಾರಿಯೇ ಅರ್ಧ ಬಿಟ್ಟೆನೆಂದ ಹೇಳಿಕೆ, ಅದರ ಮೇಲೆ ನಿಂತ ತೀರ್ಪು, ಎರಡೂ ದಾಖಲೆಯಲ್ಲಿ 1999ರಲ್ಲಿ ಇದ್ದ ಹಾಗೆಯೇ ಇವೆ.